ಮಾತು ತಡವಾದ ಮಗು, ತನ್ನ ಕೈಯಾರೆ ಊಟ

ಪ್ರಶ್ನೆ: ನಮಸ್ಕಾರ ಅಕ್ಕಾ. ನನ್ನ ಮಗನಿಗೆ ಎರಡೂ ಮುಕ್ಕಾಲು ವರ್ಷ. ‘ಅವ್ವ’, ‘ತಾ’, ‘ಬೌ’ ಹೀಗೆ ಏಳೆಂಟು ಮಾತು ಬಿಟ್ಟರೆ ಬೇರೆ ಬರುವುದಿಲ್ಲ. ನಾವು ಹೇಳಿದ್ದು ತಿಳಿಯುತ್ತದೆ. ನಾನು ಕೆಲಸಕ್ಕೆ ಹೋದಾಗ ಅತ್ತೆ ಮೊಬೈಲ್ ತೋರಿಸಿ ಉಣಿಸುತ್ತಾರೆ. ಅವನ ಕೈಗೆ ತಟ್ಟೆ ಕೊಟ್ಟರೆ ಎಲ್ಲಾ ಚೆಲ್ಲುತ್ತಾನೆ. ‘ಮಾತು ಬಂದ ಮೇಲೆ ತಾನೇ ಉಣ್ಣೋದು ಕಲೀತಾನೆ ಬಿಡು’ ಅಂತಾರೆ ಅತ್ತೆ. ಕಾಯಬೇಕಾ?
– ಒಬ್ಬ ತಾಯಿ, ನಿಟುವಳ್ಳಿ, ದಾವಣಗೆರೆ

ಉತ್ತರ: ಕಾಯಬೇಡಿ ತಂಗಿ. ತಾನೇ ಉಣ್ಣುವುದಕ್ಕೆ ಮಾತು ಬರಲೇಬೇಕು ಅಂತೇನಿಲ್ಲ. ಬೇಕು ಅಂತ ಕೇಳುವ ಅವಕಾಶ ಮಗುವಿಗೆ ಊಟದಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ಈಗ ಅವನು ಬಯಸುವ ಮೊದಲೇ ತುತ್ತು ಬಾಯಿಗೆ ಬರುತ್ತಿದೆ, ಕಣ್ಣು ಮೊಬೈಲ್ ಮೇಲಿದೆ. ಅಜ್ಜಿಯ ಕಡೆ ತಿರುಗಿ ‘ತಾ’ ಅನ್ನಲು ಅವನಿಗೆ ಕಾರಣವೇ ಇಲ್ಲ, ಅಲ್ವಾ?

ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಕರೆದರೆ ತಿರುಗುತ್ತಾನೆ ಅಂತ ಸುಮ್ನಿರಬೇಡಿ. ಜೋರು ಸದ್ದು ಕೇಳಿಸಿ, ಮಾತಿನ ಸಣ್ಣ ಸದ್ದು ಕೇಳಿಸದ ಮಕ್ಕಳೂ ಇರುತ್ತಾರೆ. ಎರಡು ವರ್ಷಕ್ಕೆಲ್ಲ ಹೆಚ್ಚಿನ ಮಕ್ಕಳು ‘ನೀರು ಕೊಡು’ ಅಂತ ಎರಡು ಮಾತು ಜೋಡಿಸುತ್ತಾರೆ. ಹಾಗಾಗಿ ಸ್ಪೀಚ್ ಥೆರಪಿಸ್ಟರಿಗೂ ತೋರಿಸಬೇಕು. ನಿಮ್ಮೂರಲ್ಲೇ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಅಂಗವಿಕಲರಿಗಾಗಿ ಇರುವ ಕೇಂದ್ರ ಸರ್ಕಾರದ ಸಿ.ಆರ್.ಸಿ. ಕೇಂದ್ರವಿದೆ. ಅಲ್ಲಿ ವಿಚಾರಿಸಿ. ಹೆಚ್ಚಿನ ಪರೀಕ್ಷೆ ಬೇಕೆಂದರೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ.

ಇನ್ನು ಊಟ. ಚೆಲ್ಲುವುದರಲ್ಲಿ ಅರ್ಧ ತಪ್ಪು ಸಾರನ್ನದ್ದು. ತೆಳ್ಳಗಿನದು ಚಮಚದಿಂದ ಜಾರಿಹೋಗುತ್ತದೆ. ಮೊಸರನ್ನ, ಉಪ್ಪಿಟ್ಟು, ಗಟ್ಟಿ ಬೇಳೆ ಕಲಸಿದ ಅನ್ನ ಕೊಡಿ, ಅವು ಚಮಚಕ್ಕೆ ಅಂಟುತ್ತವೆ. ಅಗಲ ತಳದ ಸ್ಟೀಲ್ ಬಟ್ಟಲ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಅದು ಸರಿಯುವುದಿಲ್ಲ. ಚಮಚ ಗಿಡ್ಡಗಿರಲಿ, ಹಿಡಿ ದಪ್ಪಗಿರಲಿ. ಕೈಯಲ್ಲೇ ತಿಂದರೂ ಸರಿ. ನಿಮ್ಮೂರಿನ ಬೆಣ್ಣೆ ದೋಸೆಯ ಮೆತ್ತನೆಯ ಚೂರು, ಹಾಲಲ್ಲಿ ನೆನೆಸಿದ ರೊಟ್ಟಿ, ಇಡ್ಲಿ ಪುಟ್ಟ ಬೆರಳಿಗೆ ಚೆನ್ನಾಗಿ ಸಿಗುತ್ತವೆ. ಆದರೆ ಸಂಜೆ ಮಂಡಕ್ಕಿ ಮಾಡಿದಾಗ ಜೋಪಾನ. ಅದರಲ್ಲಿನ ಶೇಂಗಾ, ಹಾಗೇ ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಈ ವಯಸ್ಸಿಗೆ ಅವು ಬೇಡವೇ ಬೇಡ.

ಕಲಿಸುವಾಗ ಕೊನೆಯಿಂದ ಶುರುಮಾಡಿ. ಅವನ ಹಿಂದೆ ಕೂತು, ಅವನ ಕೈ ಹಿಡಿದು ಚಮಚ ತುಂಬಿಸಿ, ತುಟಿಯ ಹತ್ತಿರ ತನಕ ತಂದು ಬಿಟ್ಟುಬಿಡಿ. ಕೊನೆಯ ಎರಡು ಇಂಚು ಅವನದ್ದು. ಅದು ರೂಢಿಯಾದ ಮೇಲೆ ಎದೆಯ ಮಟ್ಟದಲ್ಲಿ ಕೈ ಬಿಡಿ, ಆಮೇಲೆ ಬಟ್ಟಲ ಹತ್ತಿರವೇ. ಪ್ರತಿ ಸಲವೂ ಬಾಯಿಗೆ ತಲುಪುವುದರಿಂದ ಮಗುವಿಗೆ ಹುರುಪು ಬರುತ್ತದೆ. ಹಸಿವು ಜಾಸ್ತಿ ಇರುವ ಮೊದಲ ನಾಲ್ಕಾರು ತುತ್ತು ಅವನೇ ತಿನ್ನಲಿ, ಸುಸ್ತಾದ ಮೇಲೆ ಅಜ್ಜಿ ಉಣಿಸಲಿ, ಪರವಾಗಿಲ್ಲ. ಅರ್ಧ ಗಂಟೆ ದಾಟಿಸಬೇಡಿ. ಸಾಕು ಅಂತ ಮುಖ ತಿರುಗಿಸಿದರೆ ಅದೂ ಅವನ ಮಾತೇ. ‘ಸಾಕಾ? ಸಾಕು’ ಅಂತ ಹೇಳಿ ತಟ್ಟೆ ಎತ್ತಿಡಿ.

ಮಾತಿನ ಕೆಲಸ ಇದರ ಜೊತೆಗೇ ನಡೆಯುತ್ತದೆ. ದೋಸೆಯ ಒಂದೇ ಚೂರು ಹಾಕಿ ಕಾಯಿರಿ. ಮನಸ್ಸಲ್ಲೇ ಐದು ಎಣಿಸಿ. ಅವನು ನೋಡಿದರೆ, ಕೈ ಚಾಚಿದರೆ, ‘ಊಂ’ ಅಂದರೆ ‘ದೋಸೆ ಬೇಕು’ ಅಂತ ನೀವೇ ಹೇಳಿ ತಕ್ಷಣ ಇನ್ನೊಂದು ಚೂರು ಕೊಟ್ಟುಬಿಡಿ. ಬಾಳೆಹಣ್ಣು, ಇಡ್ಲಿ ಎರಡನ್ನೂ ತೋರಿಸಿ, ಬೆರಳು ಮಾಡಿದ್ದರ ಹೆಸರು ಹೇಳಿ. ‘ಹೇಳು, ಹೇಳಿದರೇ ಕೊಡ್ತೀನಿ’ ಅಂತ ಮಾತ್ರ ದಯವಿಟ್ಟು ಅನ್ನಬೇಡಿ. ಹಸಿದ ಮಗುವನ್ನು ಮಾತಿಗಾಗಿ ಕಾಯಿಸುವುದು ನನಗೆ ಒಪ್ಪಿಗೆಯಿಲ್ಲ. ಆಗ ಮಾತೂ ಬೇಡವಾಗುತ್ತದೆ, ಊಟವೂ ಬೇಡವಾಗುತ್ತದೆ.

ನುಂಗುವಾಗ ಪದೇ ಪದೇ ಕೆಮ್ಮಿದರೆ, ಮೆತ್ತಗಿನದನ್ನು ಬಿಟ್ಟು ಏನೂ ಅಗಿಯಲಾಗದಿದ್ದರೆ, ತೂಕ ಏರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಬರುತ್ತಿದ್ದ ಮಾತು ನಿಂತುಹೋದರೂ ತಡಮಾಡಬೇಡಿ.

ಅತ್ತೆಯ ಮೇಲೆ ಬೇಸರ ಬೇಡ. ಮೊಮ್ಮಗ ಹೊಟ್ಟೆ ತುಂಬಾ ಉಣ್ಣಲಿ ಅಂತಲೇ ಅವರು ಮೊಬೈಲ್ ಹಿಡಿಯುವುದು. ಮೊದಲು ನೀವಿರುವ ರಾತ್ರಿ ಊಟದಲ್ಲಿ ಅದನ್ನು ಬಿಡಿಸಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಥೆರಪಿಸ್ಟರ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಮಧ್ಯಾಹ್ನ ಉಣಿಸುವವರು ಅವರೇ ಅಲ್ವಾ, ಕೈ ಹಿಡಿಯುವ ರೀತಿಯನ್ನು ಅವರು ನೇರವಾಗಿ ನೋಡಿ ಕಲಿಯಬೇಕು.