ನದಿ ಕುರುಡು: ಮಾತ್ರೆ ಇದ್ದರೂ ರೋಗ ಏಕೆ ಹೋಗಿಲ್ಲ?

ಪ್ರಶ್ನೆ: ಆಫ್ರಿಕಾದ ನದಿ ಕುರುಡು ರೋಗಕ್ಕೆ ಐವರ್‌ಮೆಕ್ಟಿನ್ ಮಾತ್ರೆಯನ್ನು ಕಂಪನಿಯೇ 1987ರಿಂದ ಉಚಿತವಾಗಿ ಕೊಡುತ್ತಿದೆಯಂತೆ. ಆದರೂ ರೋಗ ಉಳಿದಿರುವುದೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈ ರೋಗ ಬರುವುದು ಕಪ್ಪುನೊಣ ಕಚ್ಚಿ ಹರಡುವ ಒಂದು ಹುಳುವಿನಿಂದ. ಆ ಮಾತ್ರೆಗೆ ಸಾಯುವುದು ಮರಿಹುಳುಗಳು, ತಾಯಿಹುಳು ಸಾಯುವುದಿಲ್ಲ. ಚರ್ಮದಡಿಯ ಗಂಟಿನಲ್ಲಿ ಅದು 10ರಿಂದ 15 ವರ್ಷ ಬದುಕಿ ಮರಿ ಹಾಕುತ್ತಲೇ ಇರುತ್ತದೆ. ಮರಿಗಳು ಚರ್ಮದಲ್ಲಿ ಸತ್ತರೆ ನಿದ್ದೆಗೆಡಿಸುವ ತುರಿಕೆ, ಕಣ್ಣಲ್ಲಿ ಸತ್ತರೆ ಉರಿಯೂತ. ವರ್ಷಗಟ್ಟಲೆ ಹೀಗಾದಾಗ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಕಾರ್ನಿಯಾ, ಬೆಳ್ಳಗಾಗುತ್ತದೆ. ಹಾಗೆ ಹೋದ ದೃಷ್ಟಿಯನ್ನು ಯಾವ ಮಾತ್ರೆಯೂ ಮರಳಿಸದು. ಒಂದು ಡೋಸ್ ನುಂಗಿದರೆ ತಾಯಿಹುಳು ಕೆಲವು ತಿಂಗಳು ಸುಮ್ಮನಿದ್ದು, ಮತ್ತೆ ಶುರುಮಾಡುತ್ತದೆ. ಆದ್ದರಿಂದ ಅದು ಮುದಿಯಾಗಿ ಸಾಯುವವರೆಗೆ ವರ್ಷಕ್ಕೆ ಒಂದೋ ಎರಡೋ ಸಲ ಇಡೀ ಊರು ಮಾತ್ರೆ ನುಂಗಬೇಕು.

ಹಂಚುವವರು ತೂಕ ನೋಡುವುದಿಲ್ಲ, ಗುರುತು ಹಾಕಿದ ಕೋಲಿನಿಂದ ಎತ್ತರ ಅಳೆಯುತ್ತಾರೆ. 90–119 ಸೆಂ.ಮೀ. ಇದ್ದರೆ 3 ಮಿ.ಗ್ರಾಂನ ಒಂದು ಮಾತ್ರೆ, 120–140ಕ್ಕೆ ಎರಡು, 141–158ಕ್ಕೆ ಮೂರು, ಅದಕ್ಕೂ ಎತ್ತರದವರಿಗೆ ನಾಲ್ಕು. 90 ಸೆಂ.ಮೀ. ಮುಟ್ಟದ ಮಕ್ಕಳು, ಗರ್ಭಿಣಿಯರು, ಹೆರಿಗೆಯಾಗಿ ವಾರ ತುಂಬದ ಬಾಣಂತಿಯರು, ತೀವ್ರ ಕಾಯಿಲೆಯವರಿಗೆ ಕೊಡುವುದಿಲ್ಲ. ಉಳಿದವರಲ್ಲಿ ಶೇ. 80ರಷ್ಟಾದರೂ ನುಂಗಲೇಬೇಕು. ಕೆಲಸ ಕೆಡುವುದು ಇಲ್ಲೇ. ನದಿಯಂಚಿನ ಹೊಲದವರನ್ನು, ಮೀನುಗಾರರನ್ನು ಕಪ್ಪುನೊಣ ಅತಿಯಾಗಿ ಕಚ್ಚುತ್ತದೆ. ಹಂಚಿಕೆಯ ದಿನ ಊರಲ್ಲಿ ಸಿಗದವರೂ ಅವರೇ. ಅವರ ಮೈಯಲ್ಲಿ ಉಳಿದ ಮರಿಗಳನ್ನು ನೊಣ ಮತ್ತೆ ಊರಿಗೆಲ್ಲ ಹಂಚುತ್ತದೆ. ಮಧ್ಯ ಆಫ್ರಿಕಾದಲ್ಲಿ ಇನ್ನೊಂದು ತೊಡಕಿದೆ: ಲೋವಾ ಲೋವಾ ಎಂಬ ಬೇರೆ ಹುಳುವಿನ ಮರಿಗಳು ಒಂದು ಮಿ.ಲೀ. ರಕ್ತದಲ್ಲಿ 30,000 ದಾಟಿದ್ದರೆ ಇದೇ ಮಾತ್ರೆಯಿಂದ ಮಿದುಳಿಗೆ ಅಪಾಯ.

ಆದರೂ ಇದು ಗೆಲ್ಲಬಹುದಾದ ರೋಗ. ಕೊಲಂಬಿಯಾ 2013ರಲ್ಲಿ, ಈಕ್ವೆಡಾರ್, ಮೆಕ್ಸಿಕೊ, ಗ್ವಾಟೆಮಾಲಾ 2016ರೊಳಗೆ ಇದರಿಂದ ಮುಕ್ತವಾದವು. ಆಫ್ರಿಕಾದಲ್ಲಿ ಮೊದಲು ಗೆದ್ದದ್ದು ನೈಜರ್, 2025ರಲ್ಲಿ.

ಪ್ರಶ್ನೆ: ಮಗ ಎರಡು ವರ್ಷದ ಕೆಲಸಕ್ಕೆ ಕ್ಯಾಮರೂನ್‌ಗೆ ಹೊರಟಿದ್ದಾನೆ. ಸೊಳ್ಳೆಪರದೆ ಸಾಕೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮಲೇರಿಯಾಕ್ಕೆ ಪರದೆ ಬೇಕೇ ಬೇಕು, ನದಿ ಕುರುಡಿಗೆ ಸಾಲದು. ಕಪ್ಪುನೊಣ ಕಚ್ಚುವುದು ಹಗಲಲ್ಲಿ. ಅದು ಹುಟ್ಟುವುದು ರಭಸದ ಹರಿವಿನಲ್ಲಿ. ನದಿ ಬಳಿ ಕೆಲಸವಿದ್ದರೆ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ತೆರೆದ ಮೈಗೆ ಕೀಟಗಳನ್ನು ದೂರವಿಡುವ ಡೀಟ್ ಇರುವ ಲೇಪ ಇರಲಿ. ಸೋಂಕು ತಗುಲಿದರೂ ಲಕ್ಷಣ ಕಾಣಲು ವರ್ಷವೇ ಹಿಡಿಯಬಹುದು. ಊರಿಗೆ ಮರಳಿದ ಮೇಲೆ ಬಿಡದ ತುರಿಕೆ, ಚರ್ಮದಡಿ ಗಂಟು ಕಂಡರೆ ಎಲ್ಲಿದ್ದೆನೆಂದು ವೈದ್ಯರಿಗೆ ಮೊದಲೇ ಹೇಳಲಿ; ಚರ್ಮದ ಚೂರು ತೆಗೆದು ಪರೀಕ್ಷಿಸುತ್ತಾರೆ. ನಮ್ಮಲ್ಲಿ ಆನೆಕಾಲು ರೋಗ ತಡೆಯಲು ಹಂಚುವ ಡಿಇಸಿ ಮಾತ್ರೆಯನ್ನು ಆ ಪರೀಕ್ಷೆಗೆ ಮುಂಚೆ ನುಂಗುವುದು ಬೇಡ. ಮೈಯಲ್ಲಿ ಈ ಹುಳುವಿದ್ದರೆ ಡಿಇಸಿಯಿಂದ ಕಣ್ಣಿಗೇ ಪೆಟ್ಟು ಬೀಳಬಹುದು.