ಮೊದಲು ಆರ್ಡರ್ ಕೈಗೆ ಬರಲಿ, ಛತ್ರ ಆಮೇಲೆ

ಪ್ರಶ್ನೆ: ನಾವು ಅಮೆರಿಕದಿಂದ ಮೈಸೂರಿಗೆ ಮರಳಿ ಕೆಲವು ವರ್ಷಗಳಾದವು. ಮಗ ಅಲ್ಲಿನ ಪ್ರಜೆ. ಟೆಕ್ಸಾಸ್‌ನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದಾನೆ, ಜೊತೆಗೆ ಆರ್ಮಿ ರಿಸರ್ವ್‌ನಲ್ಲೂ, ಅಂದರೆ ಕರೆದಾಗ ಹೋಗಬೇಕಾದ ಅರೆಕಾಲಿಕ ಮೀಸಲು ಸೇನೆಯಲ್ಲೂ, ಇದ್ದಾನೆ. ಚಳಿಗಾಲದ ಹೊತ್ತಿಗೆ ಅವನ ತುಕಡಿಯನ್ನು ಹೊರದೇಶಕ್ಕೆ ಕಳಿಸಬಹುದಂತೆ. ಫೆಬ್ರವರಿಗೆ ಮದುವೆ ಗೊತ್ತಾಗಿದೆ. ಹುಡುಗಿ ಹಾಸನದವಳು, ಮಗ ಓದುವ ಊರಲ್ಲೇ ಎಫ್-1 ವಿದ್ಯಾರ್ಥಿ ವೀಸಾದ ಮೇಲೆ ಎಂ.ಎಸ್. ಮಾಡುತ್ತಿದ್ದಾಳೆ. ಛತ್ರಕ್ಕೆ ಮುಂಗಡ ಕೊಡಬಹುದೇ? ಅವನ ಸೀಟು ಹೋಗುತ್ತದೆಯೇ?

ಉತ್ತರ: ಮುಂಗಡ ಸದ್ಯಕ್ಕೆ ಕೊಡಬೇಡಿ. ‘ಕಳಿಸಬಹುದಂತೆ’ ಎನ್ನುವುದು ಬರೀ ಮುನ್ಸೂಚನೆ. ಸೇನೆ ತಾರೀಖು ಹಾಕಿ ಕೊಡುವ ಲಿಖಿತ ಆರ್ಡರ್ ಬೇರೆ. ಕಾಲೇಜಾಗಲಿ, ಬಾಡಿಗೆ ಮನೆಯ ಮಾಲೀಕರಾಗಲಿ, ಸಾಲ ಕೊಟ್ಟವರಾಗಲಿ ನಂಬುವುದು ಆ ಕಾಗದವನ್ನು. ಅದರಲ್ಲಿ ಬರೆದ ವಾಪಸಾತಿ ದಿನವೂ ಆಚೀಚೆ ಆಗುತ್ತಿರುತ್ತದೆ. ಆದ್ದರಿಂದ ಹಿಂದಿರುಗುವ ತಾರೀಖಿಗೆ ಕನಿಷ್ಠ ಎರಡು ತಿಂಗಳು ಸೇರಿಸಿಕೊಂಡೇ ಮುಹೂರ್ತ ಕೇಳಿ. ಲೆಕ್ಕ ಆಷಾಢಕ್ಕೆ ಬಂದು ನಿಂತರೆ ಶ್ರಾವಣಕ್ಕೆ ದಾಟಿಸಿ.

ಸೀಟಿನ ಚಿಂತೆ ಬೇಡ. ಅಮೆರಿಕದ 2008ರ ಉನ್ನತ ಶಿಕ್ಷಣ ಕಾನೂನಿನ ಪ್ರಕಾರ, ಫೆಡರಲ್ (ಅಲ್ಲಿನ ಕೇಂದ್ರ ಸರ್ಕಾರದ) ವಿದ್ಯಾರ್ಥಿ ನೆರವು ಪಡೆಯುವ ಕಾಲೇಜು, 30 ದಿನಕ್ಕಿಂತ ಹೆಚ್ಚಿನ ಸೇನಾ ಕರೆಗೆ ಹೋದವನನ್ನು ಅದೇ ಶೈಕ್ಷಣಿಕ ಸ್ಥಾನಕ್ಕೆ ಮರಳಿ ಸೇರಿಸಿಕೊಳ್ಳಬೇಕು. ಸೇವೆಗಾಗಿ ಕಾಲೇಜು ಬಿಟ್ಟ ಕಾಲ ಒಟ್ಟು 5 ವರ್ಷ ಮೀರಬಾರದು; ಸೇವೆ ಮುಗಿದ 3 ವರ್ಷದೊಳಗೆ ‘ಮತ್ತೆ ಬರುತ್ತೇನೆ’ ಎಂದು ತಿಳಿಸಬೇಕು. ಹೋಗುವ ಮುನ್ನವೂ ಕಾಲೇಜಿಗೆ ತಿಳಿಸಬೇಕು. ಬಾಯಿಮಾತೂ ನಡೆಯುತ್ತದೆ, ಆದರೆ ರಿಜಿಸ್ಟ್ರಾರ್‌ಗೆ ಇ-ಮೇಲ್ ಕಳಿಸಿ ಆರ್ಡರಿನ ಪ್ರತಿ ಲಗತ್ತಿಸುವುದು ಲೇಸು.

ಹುಡುಗರು ಎಡವುವುದು ಸೆಮಿಸ್ಟರ್ ನಡುವೆ. ಗಡಿಬಿಡಿಯಲ್ಲಿ ಯಾರಿಗೂ ಹೇಳದೆ ಕ್ಲಾಸಿಗೆ ಹೋಗುವುದನ್ನು ನಿಲ್ಲಿಸಿಬಿಡುತ್ತಾರೆ. ಎಲ್ಲ ವಿಷಯಕ್ಕೂ ‘ಎಫ್’, ಅಂದರೆ ಫೇಲ್, ಬೀಳುತ್ತದೆ, ಸರಾಸರಿ ಕುಸಿಯುತ್ತದೆ, ಮರಳಿ ಬಂದಾಗ ಆರ್ಥಿಕ ನೆರವು ತಡೆಹಿಡಿದಿರುತ್ತಾರೆ. ಕೊನೆಯ ಪರೀಕ್ಷೆಯೊಂದೇ ಉಳಿದಿದ್ದರೆ ಅದನ್ನು ಮುಂಚೆಯೇ ಬರೆಯಲು ಕೇಳಲಿ, ಇಲ್ಲವೇ ಬಾಕಿಯನ್ನು ಆಮೇಲೆ ಮುಗಿಸಲು ಬಿಡುವ ‘ಇನ್‌ಕಂಪ್ಲೀಟ್’ ಹಾಕಿಸಿಕೊಳ್ಳಲಿ. ಅರ್ಧ ಪಾಠ ಬಾಕಿಯಿದ್ದರೆ ಇನ್‌ಕಂಪ್ಲೀಟ್ ಬೇಡ: ಗಡುವು ಮೀರಿದರೆ ಅನೇಕ ಕಡೆ ಅದೇ ‘ಎಫ್’ ಆಗುತ್ತದೆ. ಸೇನಾ ಕಾರಣದ ವಿತ್‌ಡ್ರಾವಲ್ (ಆ ಸೆಮಿಸ್ಟರಿನಿಂದ ಹಿಂದೆ ಸರಿಯುವುದು) ಎಂದೇ ಬರೆಸಿಕೊಂಡು, ಶುಲ್ಕ ವಾಪಸಿನ ನಿಯಮ ಕೇಳಿಕೊಂಡು ಹೊರಡಲಿ. ಲ್ಯಾಬ್ ವಿಷಯಗಳಿಗಂತೂ ಇದೇ ಸರಿ.

ಇನ್ನು ಮದುವೆ. ಕಾನೂನಿನ ನೋಂದಣಿ ಬೇರೆ, ಧಾರೆ ಬೇರೆ ಎಂದು ಮನಸ್ಸು ಮಾಡಿದರೆ ಅರ್ಧ ತೊಡಕು ಬಿಡುತ್ತದೆ. ಹಿರಿಯರಿಗೆ ಇದು ಸುಲಭಕ್ಕೆ ರುಚಿಸುವುದಿಲ್ಲ, ಗೊತ್ತು. ಆದರೂ ಹೊರಡುವ ಮುನ್ನ ಟೆಕ್ಸಾಸ್‌ನಲ್ಲೇ ನೋಂದಣಿ ಮುಗಿಸುವುದು ಒಳ್ಳೆಯದು. ಅಲ್ಲಿ ಮದುವೆಯ ಲೈಸೆನ್ಸ್ ಪಡೆದು 72 ಗಂಟೆ ಕಾಯಬೇಕು. ಸಕ್ರಿಯ ಸೇವೆಯಲ್ಲಿ, ಅಂದರೆ ಪೂರ್ಣಾವಧಿ ಸೇನಾ ಕರ್ತವ್ಯದಲ್ಲಿ, ಇರುವವರಿಗೆ ಆ ಕಾಯುವಿಕೆಯಿಲ್ಲ. ಆ ಪ್ರಮಾಣಪತ್ರ ತೋರಿಸಿ ಹೆಂಡತಿಯ ಹೆಸರನ್ನು ಸೇನಾ ಕುಟುಂಬಗಳ ‘ಡೀರ್ಸ್’ ದಾಖಲೆಗೆ ಸೇರಿಸಿದರೆ, 30 ದಿನಕ್ಕಿಂತ ಹೆಚ್ಚಿನ ಆರ್ಡರಿಗೆ ಅವಳಿಗೂ ಸೇನೆಯ ಟ್ರೈಕೇರ್ ವೈದ್ಯಕೀಯ ರಕ್ಷಣೆ ಸಿಗುತ್ತದೆ, ವಸತಿ ಭತ್ಯೆಯೂ ಅವಲಂಬಿತರಿರುವವರ ದರಕ್ಕೆ ಏರುತ್ತದೆ.

ಆದರೆ ಮದುವೆಯಾದ ಮಾತ್ರಕ್ಕೆ ಜೀವವಿಮೆಯ ವಾರಸುದಾರರು ಬದಲಾಗುವುದಿಲ್ಲ. ಸೈನಿಕರಿಗಿರುವ ಎಸ್‌ಜಿಎಲ್‌ಐ ಜೀವವಿಮೆಯ ಗರಿಷ್ಠ ಮೊತ್ತ 2023ರ ಮಾರ್ಚ್‌ನಿಂದ 5 ಲಕ್ಷ ಡಾಲರ್. ಅದರಲ್ಲಿ ನಿಮ್ಮ ಹೆಸರಿದ್ದರೆ ನಿಮ್ಮದೇ ಉಳಿಯುತ್ತದೆ. ಯಾರಿಗೆಷ್ಟು ಎಂಬುದನ್ನು ಮಗ ತಾನೇ ಕೂತು ತಿದ್ದಬೇಕು. ನೀವೇ ನೆನಪಿಸಿದರೆ ಸೊಸೆಗೂ ಸಮಾಧಾನ.

ಅವಳಿಗೊಂದು ಎಚ್ಚರಿಕೆ. ನೋಂದಣಿಯಾದ ಮೇಲೆ ಅಮೆರಿಕದಲ್ಲೇ ಗ್ರೀನ್ ಕಾರ್ಡ್ ಅರ್ಜಿ, ಅಂದರೆ ಐ-485, ಹಾಕಿ, ಪ್ರಯಾಣದ ಮುಂಗಡ ಅನುಮತಿಯಾದ ‘ಅಡ್ವಾನ್ಸ್ ಪೆರೋಲ್’ ಕೈಗೆ ಬರುವ ಮುನ್ನವೇ ಧಾರೆಗೆಂದು ಮೈಸೂರಿಗೆ ಹಾರಿದರೆ, ಅರ್ಜಿಯನ್ನು ಕೈಬಿಟ್ಟಂತೆ ಎಣಿಸುತ್ತಾರೆ. ಅರ್ಜಿ ಹಾಕದೆ ಬಂದರೂ ನಿರಾಳವಲ್ಲ: ಪ್ರಜೆಯನ್ನು ಮದುವೆಯಾಗಿ ಮತ್ತೆ ವಿದ್ಯಾರ್ಥಿ ವೀಸಾದಲ್ಲೇ ಒಳಹೋಗುವಾಗ ‘ಓದಿಗೋ, ನೆಲೆಸುವುದಕ್ಕೋ’ ಎಂಬ ಪ್ರಶ್ನೆ ಏಳುತ್ತದೆ. ಟಿಕೆಟ್ ಕೊಳ್ಳುವ ಮೊದಲು ವಲಸೆ ವಕೀಲರನ್ನು ಕಾಣಲಿ. ಧಾರೆಯ ನಂತರ ಇಲ್ಲಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇನ್ನೊಮ್ಮೆ ನೋಂದಾಯಿಸಲು ಹೋಗಬೇಡಿ. ಒಂದೇ ಮದುವೆಗೆ ಎರಡು ತಾರೀಖಿನ ಎರಡು ಪತ್ರಗಳಿದ್ದರೆ ಮುಂದೆ ಪ್ರತಿ ಅರ್ಜಿಯಲ್ಲೂ ವಿವರಣೆ ಕೊಡುತ್ತಾ ಕೂರಬೇಕು.

ಪ್ರಶ್ನೆ: ನಾನೂ ರಿಸರ್ವ್‌ನವನು. ಒಂದು ಸಲ ಹೋಗಿಬಂದರೆ, ಸೇನೆಯಲ್ಲಿ ದುಡಿದವರ ಓದಿಗೆ ಸರ್ಕಾರ ಹಣ ಕೊಡುವ ಜಿಐ ಬಿಲ್‌ನಲ್ಲಿ ಓದು ಪೂರ್ತಿ ಉಚಿತವೇ? ಹಳೆಯ ಸಾಲದ ಕಂತು, ಬಾಡಿಗೆ ಮನೆಯ ಗತಿ?

ಉತ್ತರ: ಪೂರ್ತಿ ಅಲ್ಲ. 9/11 ನಂತರದ ಜಿಐ ಬಿಲ್‌ನಲ್ಲಿ ಸಕ್ರಿಯ ಸೇವೆ ಒಟ್ಟು 90 ದಿನ ಆದರೆ ಶೇ. 50, 6 ತಿಂಗಳಾದರೆ ಶೇ. 60, 18 ತಿಂಗಳಿಗೆ ಶೇ. 70, ಶೇ. 100 ಸಿಗುವುದು 36 ತಿಂಗಳಿಗೆ. ಆರಂಭಿಕ ತರಬೇತಿಯ ದಿನಗಳನ್ನು ಶೇ. 50, 60, 70ರ ಕೆಳ ಮೆಟ್ಟಿಲುಗಳಲ್ಲಿ ಎಣಿಸುವುದಿಲ್ಲ. ಲೆಕ್ಕ ತಪ್ಪುವುದು ಇಲ್ಲೇ. ಆದ್ದರಿಂದ ಸುಮಾರು ಒಂದು ವರ್ಷದ ಕರೆ ಮುಗಿಸಿದವನು ಶೇ. 60 ಎಂದಿಟ್ಟುಕೊಂಡು ಉಳಿದ ಹಣ ಹೊಂದಿಸಬೇಕು. ಫೆಡರಲ್ ವಿದ್ಯಾರ್ಥಿ ನೆರವಿಗೆ ಹಾಕುವ ಎಫ್‌ಎಎಫ್‌ಎಸ್‌ಎ ಅರ್ಜಿಯಲ್ಲಿ ಮದುವೆಯಾದವನನ್ನೂ, ತರಬೇತಿಗಲ್ಲದೆ ಸಕ್ರಿಯ ಸೇವೆಯಲ್ಲಿರುವವನನ್ನೂ ಸ್ವತಂತ್ರ ವಿದ್ಯಾರ್ಥಿ ಎಂದೇ ಪರಿಗಣಿಸುತ್ತಾರೆ. ಅಪ್ಪ ಅಮ್ಮನ ವರಮಾನ ಲೆಕ್ಕಕ್ಕಿಲ್ಲ.

ಯುದ್ಧ ಅಥವಾ ಸೇನಾ ಕಾರ್ಯಾಚರಣೆಗೆ ಕರೆದಿದ್ದರೆ ಫೆಡರಲ್ ವಿದ್ಯಾರ್ಥಿ ಸಾಲದ ಕಂತನ್ನು ಸೇವೆ ಮುಗಿದು 180 ದಿನದವರೆಗೂ ಮುಂದೂಡಿಸಬಹುದು. ಸೇವೆಗೆ ಮುಂಚಿನ ಸಾಲಗಳ ಬಡ್ಡಿಯನ್ನು ಶೇ. 6ಕ್ಕೆ ಇಳಿಸಲು ಆರ್ಡರಿನ ಪ್ರತಿಯೊಂದಿಗೆ ಲಿಖಿತವಾಗಿ ಕೇಳಿ. 90 ದಿನ ಅಥವಾ ಹೆಚ್ಚಿನ ಕರೆಯಾದರೆ ಬಾಡಿಗೆ ಕರಾರನ್ನೂ ನೋಟಿಸು ಕೊಟ್ಟು ಮುಗಿಸಬಹುದು. ಮುಂದಿನ ಬಾಡಿಗೆ ದಿನದಿಂದ 30 ದಿನಕ್ಕೆ ಕರಾರು ಕೊನೆಗೊಳ್ಳುತ್ತದೆ, ನೋಟಿಸು ಕೊಟ್ಟ ದಿನದಿಂದಲ್ಲ. ಆ ತಿಂಗಳ ಹಣ ಎತ್ತಿಟ್ಟುಕೊಳ್ಳಿ.

ಪ್ರಶ್ನೆ: ರಿಸರ್ವ್‌ನಲ್ಲಿರುವವರು ಭಾರತದಲ್ಲಿ ಮದುವೆಗೆಂದು ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಬಂದುಹೋಗಲು ಭಾರತ ಕೊಡುವ ಕಾರ್ಡ್) ಮಾಡಿಸಿಕೊಳ್ಳಬಹುದೇ?

ಉತ್ತರ: ಆಗದು. ವಿದೇಶಿ ಸೇನೆಯಲ್ಲಿರುವವರಿಗೂ ಅಲ್ಲಿಂದ ನಿವೃತ್ತರಾದವರಿಗೂ ಭಾರತ ಒಸಿಐ ಕೊಡುವುದಿಲ್ಲ. ವೀಸಾ ಪಡೆದೇ ಬರಬೇಕು. ಅರ್ಜಿಯಲ್ಲಿ ಸೇನೆಯ ಪ್ರಶ್ನೆಗೆ ಇದ್ದುದನ್ನೇ ಬರೆಯಿರಿ, ಮುಚ್ಚಿಟ್ಟರೆ ಕಷ್ಟ. ಸಕ್ರಿಯ ಸೇವೆಯ ನಡುವಿನ ರಜೆಯಲ್ಲಿ ಬರುವುದಾದರೆ ತುಕಡಿಯ ಕಮಾಂಡರ್ ಒಪ್ಪಿಗೆಯೂ ಬೇಕು. ರಜೆ ತಿಂಗಳಿಗೆ ಎರಡೂವರೆ ದಿನದಂತೆ ಮಾತ್ರ ಕೂಡುತ್ತದೆ. ಎಂಟು ತಿಂಗಳಿಗೆ 20 ದಿನ. ವರಪೂಜೆ, ಧಾರೆ, ಬೀಗರ ಔತಣ ಎಲ್ಲವೂ ಅಷ್ಟರಲ್ಲೇ ಆಗಬೇಕು.