ಬೆಟ್ಟವೇ ಇಲ್ಲದೆ ಉಕ್ಕಿದ ಲಾವಾ

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆ. ಹೊಲದಲ್ಲಿ ಬಾವಿ ತೋಡಿಸಿದಾಗ ಎರೆಮಣ್ಣಿನ ಕೆಳಗೆ ಗಟ್ಟಿ ಕರಿಕಲ್ಲು ಸಿಕ್ಕಿತು. ಅದರ ಕೆಳಗೆ ಕೆಂಪು ಮಣ್ಣಿನಂಥ ಪದರ, ಆಮೇಲೆ ತೂತು ತೂತಾದ ಕಲ್ಲು. ಇದೆಲ್ಲ ಜ್ವಾಲಾಮುಖಿಯಿಂದ ಬಂದದ್ದು ಅಂತ ಮಗಳು ಹೇಳುತ್ತಾಳೆ. ಆದರೆ ನಮ್ಮ ಸುತ್ತ ಜ್ವಾಲಾಮುಖಿ ಬೆಟ್ಟವೇ ಇಲ್ಲವಲ್ಲ? ಇದು ಮತ್ತೆ ಉಕ್ಕಬಹುದೇ?

ಉತ್ತರ: ಮಗಳು ಹೇಳಿದ್ದು ಸರಿ. ನಿಮ್ಮ ಬಾವಿಯ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಆರಿ ಗಟ್ಟಿಯಾದ ಅದನ್ನೇ ಬಸಾಲ್ಟ್ ಎನ್ನುತ್ತಾರೆ. ನಿಮ್ಮೂರಿನ ಗೋಲಗುಮ್ಮಟ ಕಟ್ಟಿದ್ದೂ ಇದೇ ಜಾತಿಯ ಕಲ್ಲಿನಿಂದ.

ಜ್ವಾಲಾಮುಖಿ ಎಂದರೆ ತುದಿಯಲ್ಲಿ ಹೊಗೆಯಾಡುವ ಬೆಟ್ಟವೇ ಆಗಬೇಕಿಲ್ಲ. ಲಾವಾ ಅಂಟಂಟಾಗಿದ್ದರೆ ದೂರ ಹರಿಯುವುದಿಲ್ಲ. ಬಾಯಿಯ ಸುತ್ತಲೇ ಗುಡ್ಡೆಯಾಗುತ್ತದೆ. ಒಳಗೆ ಸಿಕ್ಕಿಬಿದ್ದ ಅನಿಲ ಒಮ್ಮೆಲೇ ಸಿಡಿಯುತ್ತದೆ. ಬಸಾಲ್ಟ್ ಲಾವಾ ಹಾಗಲ್ಲ. ಅದರಲ್ಲಿ ಸಿಲಿಕಾ (ಲಾವಾವನ್ನು ಅಂಟಂಟಾಗಿಸುವ, ಮರಳಿನಲ್ಲಿಯೂ ಇರುವ ಅಂಶ) ಕಡಿಮೆ, ಶಾಖ 1,100 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ. ತೆಳ್ಳಗಿರುವುದರಿಂದ ಸಲೀಸಾಗಿ ಹರಿಯುತ್ತದೆ. ದಖ್ಖನ್‌ನಲ್ಲಿ ನೆಲ ಉದ್ದುದ್ದ ಬಿರುಕು ಬಿಟ್ಟು ಅಲ್ಲಿಂದ ಲಾವಾ ಉಕ್ಕಿತು. ಆ ಬಿರುಕುಗಳಲ್ಲೇ ಗಟ್ಟಿಯಾಗಿ ಉಳಿದ ಕಲ್ಲಿನ ಗೋಡೆಗಳನ್ನು ಇಂದಿಗೂ ನರ್ಮದಾ–ತಾಪಿ ಕಣಿವೆಯಲ್ಲಿ, ಕೊಂಕಣದಲ್ಲಿ ನೋಡಬಹುದು. ಲಾವಾ ಒಂದರ ಮೇಲೊಂದು ಚಾಪೆ ಹಾಸಿದಂತೆ ಹರಡಿತು. ಅದರ ಒಂದು ಹರಿವು ಆಂಧ್ರದ ರಾಜಮಂಡ್ರಿಯವರೆಗೂ ತಲುಪಿದೆ ಎಂದರೆ ನಂಬುತ್ತೀರಾ? ಮಹಾಬಳೇಶ್ವರದ ಕಡೆ ಈ ಪದರಗಳ ದಪ್ಪ ಕಿಲೋಮೀಟರ್‌ಗೂ ಹೆಚ್ಚು. ನಮ್ಮ ಬೀದರ್, ಕಲಬುರಗಿ, ವಿಜಯಪುರ ಅದರ ಅಂಚು, ಇಲ್ಲಿ ತೆಳುವಾಗುತ್ತದೆ. ಈ ಲಾವಾ ಹಾಸಿನಲ್ಲಿ ಸವೆದು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್!

ಇಷ್ಟೊಂದು ಲಾವಾ ಎಲ್ಲಿಂದ ಬಂತು? ಭೂಮಿಯ ಒಳಗೆಲ್ಲ ಲಾವಾ ತುಂಬಿದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ತೊಗಟೆಯ ಕೆಳಗಿನ ಕಲ್ಲು ಕೆಂಡದಷ್ಟು ಬಿಸಿಯಿದ್ದರೂ ಮೇಲಿನ ಭಾರಕ್ಕೆ ಕರಗದೆ ಗಟ್ಟಿಯಾಗಿಯೇ ಇರುತ್ತದೆ. ಅದು ಮೆಲ್ಲಗೆ ಮೇಲೇರಿದಾಗ ಒತ್ತಡ ತಗ್ಗುತ್ತದೆ. ಆಗ ಸ್ವಲ್ಪ ಭಾಗ ಕರಗುತ್ತದೆ, ಅದೇ ಲಾವಾ ಆಗಿ ಹೊರಬರುತ್ತದೆ.

ಈಗ ನಿಮ್ಮ ಬಾವಿಗೆ ಬರೋಣ. ತೂತುಗಳು ಲಾವಾದಲ್ಲಿದ್ದ ಅನಿಲದ ಗುಳ್ಳೆಗಳು. ಗುಳ್ಳೆ ಮೇಲಕ್ಕೇರುವುದರಿಂದ ತೂತು ಕಲ್ಲು ಸಾಮಾನ್ಯವಾಗಿ ಒಂದೊಂದು ಹರಿವಿನ ಮೇಲ್ಭಾಗದಲ್ಲಿ ಸಿಗುತ್ತದೆ. ಕೆಲವು ತೂತುಗಳಲ್ಲಿ ಬಿಳಿ ಹರಳು ತುಂಬಿರುತ್ತವೆ, ಮಗಳಿಗೆ ತಪ್ಪದೆ ತೋರಿಸಿ. ಕೆಂಪು ಪದರವಂತೂ ನನಗೆ ಬಲು ಇಷ್ಟ. ಒಂದು ಹರಿವು ಮುಗಿದು ಇನ್ನೊಂದು ಬರುವ ಮೊದಲು ಬಿಡುವು ಇತ್ತು. ಆ ಹೊತ್ತಿನಲ್ಲಿ ಮೇಲಿದ್ದ ಕಲ್ಲು, ಬೂದಿ ಬಿಸಿಲು ಮಳೆಗೆ ಸವೆದು ಅದರ ಕಬ್ಬಿಣ ಕೆಂಪಾಯಿತು. ಬಾವಿಯ ಗೋಡೆಯಲ್ಲೇ ಆ ಬಿಡುವಿನ ಗುರುತು ಇದೆ, ಅಲ್ವಾ? ನೀರಿನ ಲೆಕ್ಕವೂ ಈ ಪದರಗಳದ್ದೇ. ಗಟ್ಟಿ ಕರಿಕಲ್ಲಿನಲ್ಲಿ ಸೀಳಿಲ್ಲದಿದ್ದರೆ ನೀರು ನಿಲ್ಲುವುದಿಲ್ಲ. ಸವೆದ ತೂತು ಕಲ್ಲು, ಸೀಳುಗಳಲ್ಲಿ ನಿಲ್ಲುತ್ತದೆ. ಆದ್ದರಿಂದ ಬಾವಿಯಲ್ಲಿ ಯಾವ ಆಳಕ್ಕೆ ಯಾವ ಕಲ್ಲು ಸಿಕ್ಕಿತೆಂದು ಬರೆದಿಡಿ. ಮುಂದೆ ಬೋರ್‌ವೆಲ್ ಕೊರೆಸುವಾಗ ಉಪಯೋಗಕ್ಕೆ ಬರುತ್ತದೆ. ಇನ್ನು ನಿಮ್ಮ ಎರೆಮಣ್ಣು ಇದೇ ಕಲ್ಲು ಸವೆದು ಆದದ್ದು. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ.

ಮತ್ತೆ ಉಕ್ಕುವ ಭಯ ಬೇಡ. ಆಗ ಭಾರತದ ನೆಲ ಹಿಂದೂ ಮಹಾಸಾಗರದಲ್ಲಿ ಈಗಿನ ರಿಯೂನಿಯನ್ ದ್ವೀಪ ಇರುವ ಕಡೆ, ಆಳದಿಂದ ಬಿಸಿ ಮೇಲೇರುವ ಜಾಗದ ಮೇಲಿತ್ತು ಎಂದು ಹೆಚ್ಚಿನ ಭೂವಿಜ್ಞಾನಿಗಳು ಹೇಳುತ್ತಾರೆ. ಆಮೇಲೆ ನಮ್ಮ ನೆಲ ಉತ್ತರಕ್ಕೆ ಸರಿದು ಬಂತು. ಬಿಸಿ ಅಲ್ಲೇ ಉಳಿಯಿತು. ರಿಯೂನಿಯನ್‌ನ ಜ್ವಾಲಾಮುಖಿ ಈಗಲೂ ಆಗಾಗ ಉಕ್ಕುತ್ತಿರುತ್ತದೆ.